ತಲೆಯ ಮೇಲೆ ಕೈ ಇಟ್ಟ ರಾಕ್ಷಸ

ನಮ್ಮ ಮಹಿಳಾ ಯಕ್ಷಗಾನ ತಂಡಕ್ಕೆ ಹೊಸ ಪ್ರಸಂಗವೊಂದು ಸಿಕ್ಕಿದಾಗ, ರಾಕ್ಷಸನ ವೇಷ ನನಗೇ ಬೇಕೆಂದು ಹಟ ಹಿಡಿದೆ. ಹೊಸ ಪ್ರಸಂಗದಲ್ಲಿ ಪದ್ಯ ಮಾತ್ರ ಬರೆದಿರುತ್ತದೆ. ಮಾತು, ನಡೆ, ಕುಣಿತ ಎಲ್ಲ ವೇಷ ಕಟ್ಟಿದವರ ಪಾಲಿನದು. ಮೊದಲು ಕಟ್ಟಿದವರು ಮಾಡಿದ್ದೇ ಆಮೇಲಿನವರಿಗೆ ಕ್ರಮ. ‘ಈ ಪಾತ್ರವನ್ನು ಮೊದಲು ಮಾಡಿದ್ದು ಇವರೇ’ ಎಂದು ನಾಲ್ಕು ಜನ ಹೇಳಬೇಕು, ನನಗೆ ಬೇಕಿದ್ದದ್ದು ಅಷ್ಟೇ. ಇಷ್ಟು ವರ್ಷ ಮನೆಯಲ್ಲಿ ಮಾಡಿದ ಸಾರಿಗೆ ಯಾರೂ ಒಂದು ಮಾತು ಹೇಳಿರಲಿಲ್ಲ.

ಮೊದಲ ಪ್ರಯೋಗ ನರಿಮೊಗರಿನ ಶಾಲೆಯಲ್ಲಿ, ಭಾನುವಾರ ಮಧ್ಯಾಹ್ನ. ಕಿರೀಟ ಬಿಗಿದು ಕಟ್ಟಿದರೆ ನನಗೆ ತಲೆನೋವು.

“ಸ್ವಲ್ಪ ಸಡಿಲ ಕಟ್ಟಿ ಮಾರಾಯ್ರೆ,” ಎಂದು ನಮಗೆ ವೇಷ ಕಟ್ಟಿಕೊಡುವವರ ಹತ್ತಿರ ಗೋಗರೆದೆ.

“ಮತ್ತೆ ನನಗೆ ಬೈಬಾರ್ದು ಆಯ್ತಾ,” ಎಂದು ಅವರು ಸಡಿಲಿಸಿದರು.

ರಂಗಕ್ಕೆ ಬಂದು ಒಂದು ಸುತ್ತು ತಿರುಗಿದ್ದೇ ತಡ, ಕಿರೀಟ ಹಿಂದಕ್ಕೆ ವಾಲಿತು. ಎಡಗೈಯನ್ನು ತಲೆಯ ಮೇಲಿಟ್ಟು ಅದುಮಿ ಹಿಡಿದೆ. ಆಮೇಲೆ ತೆಗೆಯುವಂತಿರಲಿಲ್ಲ. ಮೂರು ಲೋಕ ಗೆದ್ದದ್ದು, ದೇವೇಂದ್ರನಿಗೆ ಬೈದದ್ದು, ಕೊನೆಗೆ ಸತ್ತದ್ದು, ಎಲ್ಲ ಒಂದೇ ಕೈಯಲ್ಲಿ! ಭಾಗವತರು ನಗು ನುಂಗಿಕೊಂಡು ಪದ್ಯವನ್ನು ಎಳೆದೂ ಎಳೆದೂ ಹಾಡಿದರು. ಸಭೆಯವರು ಮಾತ್ರ ಈ ರಾಕ್ಷಸನಿಗೆ ಏನೋ ಗತ್ತು ಇದೆ ಎಂದುಕೊಂಡು ಚಪ್ಪಾಳೆ ತಟ್ಟಿದರು.

ಕೆಲವು ತಿಂಗಳಾದ ಮೇಲೆ ಕುಂಬ್ರದ ತಂಡವೊಂದು ಅದೇ ಪ್ರಸಂಗ ಆಡಿತು. ನೋಡಲು ಹೋದೆ. ಅವರ ರಾಕ್ಷಸ ಒಬ್ಬಳು ಕಾಲೇಜು ಹುಡುಗಿ. ಕಿರೀಟ ಅಲ್ಲಾಡದಷ್ಟು ಗಟ್ಟಿಯಾಗಿತ್ತು. ಆದರೂ ಎಡಗೈ ತಲೆಯ ಮೇಲಿಟ್ಟುಕೊಂಡೇ ಬಂದಳು. ಆಟ ಮುಗಿದ ಮೇಲೆ, ವೇಷ ಕಟ್ಟುವ ಚೌಕಿಗೆ ಹೋಗಿ ಅದೆಂತ ಎಂದು ಕೇಳಿದೆ.

“ಅದು ಈ ಪಾತ್ರದ ಕ್ರಮ ಅಲ್ವಾ ಅಕ್ಕಾ? ನರಿಮೊಗರಿನ ಆಟದ ವಿಡಿಯೋದಲ್ಲಿ ಹಾಗೇ ಉಂಟು. ಅವನಿಗೆ ಕಿರೀಟ ಯಾರಾದ್ರೂ ಕೊಂಡೋಗ್ತಾರೆ ಅಂತ ಒಳಗೊಳಗೆ ಹೆದರಿಕೆ. ಮೊದಲು ಮಾಡಿದವರು ಯಾರಂತ ಗೊತ್ತಿಲ್ಲ, ಭಾರೀ ತಲೆ ಓಡಿಸಿದ್ದಾರೆ.”

ಅದು ನಾನೇ ಎನ್ನಲು ಬಾಯಿ ತೆರೆದೆ. ಹೇಳಿದರೆ ಸಡಿಲ ಕಿರೀಟದ ಕಥೆಯನ್ನೂ ಹೇಳಬೇಕಲ್ಲ! ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿದೆ. ಮುಂದಿನ ಸಲ ಆ ಕೈಯ ಹಂಗಿಲ್ಲದೆಯೇ ಕುಣಿದು ತೋರಿಸುತ್ತೇನೆ ಎಂದು ದಾರಿಯಲ್ಲೇ ನಿಶ್ಚಯಿಸಿದೆ.

ಸುಳ್ಯದಲ್ಲಿ ಮತ್ತೆ ನನ್ನ ಸರದಿ ಬಂತು. ತಲೆ ಸಿಡಿದರೂ ಸರಿ ಎಂದು ಬಿಗಿಯಾಗಿ ಕಟ್ಟಿಸಿಕೊಂಡು, ಎರಡೂ ಕೈ ಬೀಸಿ ಕುಣಿದೆ. ಸಭೆ ತಣ್ಣಗಿತ್ತು. ಚೌಕಿಯಲ್ಲಿ ಬಣ್ಣ ಒರೆಸುತ್ತಿದ್ದಾಗ ಹಿರಿಯರೊಬ್ಬರು ಬಂದರು. ಪೇಟೆಯಲ್ಲಿ ಅಂಗಡಿ ಇಟ್ಟ ಬ್ಯಾರಿ ಮುಸ್ಲಿಮರು, ಯಕ್ಷಗಾನದ ಆಟವೆಂದರೆ ಹುಚ್ಚು.

“ಕುಣಿತ ಒಳ್ಳೆದುಂಟು. ಆದ್ರೆ ಕೈ ಎಂತಕ್ಕೆ ತಲೆ ಮೇಲೆ ಇಡ್ಲಿಲ್ಲ? ಮೊದಲು ಮಾಡಿದವರು ಹೀಗಲ್ಲ ಮಾಡಿದ್ದು.”

“ಮೊದಲು ಮಾಡಿದ್ದು ನಾನೇ ಮಾರಾಯ್ರೆ!”

ಅರ್ಧ ಬಣ್ಣ ಹೋದ ನನ್ನ ಮುಖವನ್ನು ಅವರು ಕನಿಕರದಿಂದ ನೋಡಿದರು.

“ಛೆ, ಹಾಗೆಲ್ಲ ಹೇಳ್ಬಾರ್ದು ಅಕ್ಕಾ. ನರಿಮೊಗರಿನಲ್ಲಿ ಅವರು ಮಾಡಿದಾಗ ನಾನು ಎದುರಿನ ಕುರ್ಚಿಯಲ್ಲೇ ಇದ್ದೆ. ಅಂಥ ರಾಕ್ಷಸ ಇನ್ನು ಬರುದಿಲ್ಲ.”

ಜೀವಮಾನದಲ್ಲಿ ನನ್ನನ್ನು ಅಷ್ಟು ಹೊಗಳಿದವರು ಇನ್ನೊಬ್ಬರಿಲ್ಲ. ಖುಷಿಪಡಬೇಕೋ ಜಗಳಕ್ಕೆ ನಿಲ್ಲಬೇಕೋ ತಿಳಿಯದೆ, “ಹೌದು, ಅವರದ್ದು ಬೇರೆಯೇ,” ಎಂದೆ.