ಮೂರು ಸಲ ತಿರುಗಿಸುವ ಕೀಲಿ

ಬೀಗದಣ್ಣ ಕೀಲಿ ಮಾಡಿ ಹಾಗೇ ಗಿರಾಕಿಯ ಕೈಗಿಟ್ಟವನಲ್ಲ. ಮನೆಗೇ ಹೋಗಿ ಬಾಗಿಲಲ್ಲಿ ಮೂರು ಸಲ ತಿರುಗಿಸಿ ನೋಡಬೇಕು. ಒಂದು ಸಲ ತೆರೆದರೆ ಅದೃಷ್ಟ, ಎರಡು ಸಲ ಅಂದಾಜು, ಮೂರನೆಯದಕ್ಕೂ ತೆರೆದರೆ ಕೀಲಿ ಎನ್ನುತ್ತಿದ್ದ.

"ನನ್ನೂ ಮೂರು ಸಲ ನೋಡಿ ತಂದ್ರಾ?" ಎಂದು ಹೆಂಡತಿ ಛೇಡಿಸುತ್ತಿದ್ದಳು.

"ಒಂದೇ ಸಲ. ಅದಕ್ಕೇ ಇನ್ನೂ ಬಿಗಿ."

ಒಂದು ದಿನ ಟೀಚರಮ್ಮ ಶಾಲೆಗೆ ಹೋಗುವಾಗ ಮನೆಯ ಕೀಲಿ ಕೊಟ್ಟು, ಇನ್ನೊಂದು ಮಾಡಿಡಿ ಎಂದರು. ಮಧ್ಯಾಹ್ನ ಅವನು ಖಾಲಿ ಮನೆಯ ಬಾಗಿಲಲ್ಲಿ ಹೊಸ ಕೀಲಿ ತಿರುಗಿಸಿದ. ಚೀಲದಿಂದ ಅರ ತೆಗೆದು ಕೀಲಿಯ ಹಲ್ಲು ಉಜ್ಜಿದ, ಮತ್ತೆ ತಿರುಗಿಸಿದ. ಎದುರು ಮನೆಯ ವಿಮೆ ಏಜೆಂಟು ಮಹಡಿಯಿಂದ ಅದನ್ನು ಫೋನಿನಲ್ಲಿ ವಿಡಿಯೋ ಹಿಡಿದ. 'ಹಾಡಹಗಲೇ ಕಳ್ಳ, ಇವನ ಕೈಗೆ ಕೀಲಿ ಕೊಡಬೇಡಿ' ಎಂದು ಬರೆದು ಜಾಲತಾಣದಲ್ಲಿ ಹಾಕಿದ.

ನಾನೇ ಕರೆಸಿದ್ದು ಎಂದು ಟೀಚರಮ್ಮ ಅದರ ಕೆಳಗೆ ಬರೆದರು. ಅದನ್ನು ಓದಿದವರು ನಾಲ್ಕು ಜನ. ವಿಡಿಯೋ ನೋಡಿದವರು ನಲವತ್ತು ಸಾವಿರ.

ವಾರದ ಮೇಲೆ ಏಜೆಂಟು ಅಂಗಡಿಗೆ ಬಂದ.

"ಅಳಿಸಿದೀನಿ ಅಣ್ಣ. ಮುಗೀತಲ್ಲ."

"ತಪ್ಪಾಯ್ತು ಅಂತ ಅಲ್ಲೇ ಹೇಳಪ್ಪ."

"ಹಾಗೆ ಹೇಳಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

ಬೀಗದವನಿಗೆ ಕೈಗಿಂತ ಹೆಸರು ದೊಡ್ಡದು. ಒಬ್ಬಾಕೆ ಕೀಲಿ ಮಾಡಿಸಿಕೊಂಡು ಹೋದವಳು ಮರುದಿನ ಬೀಗವನ್ನೇ ಬದಲಾಯಿಸಿದಳು. ಅದು ಅವನ ಕಿವಿಗೆ ಬಿತ್ತು. ಅವತ್ತಿನಿಂದ ತಟ್ಟೆ ಮುಂದೆ ಕೂರುತ್ತಿದ್ದ, ಉಣ್ಣುತ್ತಿರಲಿಲ್ಲ. ಎಂಟು ತಿಂಗಳಿಗೆ ಹೋಗಿಬಿಟ್ಟ. ಎದೆ ನಿಂತಿತು ಎಂದರು ಡಾಕ್ಟರು. ಎದೆ ಯಾವಾಗ ನಿಂತಿತೆಂದು ಹೆಂಡತಿಗೆ ಗೊತ್ತಿತ್ತು.

ಮೊನ್ನೆ ಏಜೆಂಟು ಮತ್ತೆ ಬಂದ. ಅವನ ಮನೆಯ ಬಾಗಿಲು ತಾನಾಗಿ ಹಾಕಿಕೊಂಡಿದೆ, ಕೀಲಿ ಒಳಗಿದೆ.

"ಅತ್ತಿಗೆ, ನಿಮಗೂ ಕೆಲಸ ಬರುತ್ತಂತೆ. ಒಂಚೂರು ಬನ್ನಿ."

ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತವಳಿಗೆ ಬಾರದೆ? ಗಂಡನ ಚೀಲ ಎತ್ತಿಕೊಂಡು ಹೋದಳು. ಬಾಗಿಲ ಮುಂದೆ ನಿಂತಳು.

"ಫೋನ್ ತೆಗಿ. ನಾನು ಬಾಗಿಲು ತೆಗೆಯೋದನ್ನ ಹಿಡಿ. ಈಕೆನ ನಾನೇ ಕರೆಸಿದ್ದು, ಇವರ ಯಜಮಾನ್ರನ್ನ ಅವತ್ತು ಟೀಚರಮ್ಮ ಕರೆಸಿದ್ರು, ಅವರು ಕಳ್ಳರಲ್ಲ ಅಂತ ಹೇಳು. ಆಗ ಹಾಕಿದ ಜಾಗದಲ್ಲೇ ಹಾಕು."

"ಹಳೇದೆಲ್ಲ ಈಗ್ಯಾಕೆ ಅತ್ತಿಗೆ. ಜನ ಮರೆತಿದಾರೆ."

"ನಿನ್ನ ಮರೆತಿದಾರೆ, ಅವರನ್ನಲ್ಲ," ಎಂದಳು.

ಅವನು ಫೋನಿಗೆಂದು ಜೇಬಿಗೆ ಕೈ ಹಾಕಲಿಲ್ಲ. ಅವಳು ಚೀಲ ಬಿಚ್ಚಲಿಲ್ಲ. ಅದನ್ನು ಹೆಗಲಿಗೇರಿಸಿ ಮೆಟ್ಟಿಲಿಳಿದು ಬಂದಳು.