ಐದು ಸೆಕೆಂಡು ಮುಂಚೆ

ಅಪ್ಪನ ಆಫೀಸಿನ ಕಿಟಕಿಗೆ ಗೇಣುದ್ದದ ಕೆಂಪು ಉಣ್ಣೆಯ ಎಳೆಯೊಂದು ಕಟ್ಟಿರುತ್ತಿತ್ತು. ರಟ್ಟಿನ ಪೆಟ್ಟಿಗೆ ಕೊಳ್ಳಲು ಬಂದವರ ಜೊತೆ ಮಾತಾಡುತ್ತಲೇ ಅದು ಗಾಳಿಗೆ ಯಾವ ಕಡೆ ಹಾರುತ್ತಿದೆಯೆಂದು ನೋಡುತ್ತಿದ್ದರು. “ಸಾಹೇಬ್ರು ಕುರ್ಚಿ ಮೇಲಿದಾರೆ, ಮನಸ್ಸು ನೀರಲ್ಲಿದೆ,” ಎಂದು ಮ್ಯಾನೇಜರ್ ಅವರೆದುರೇ ಛೇಡಿಸುತ್ತಿದ್ದರು.

ವಾರವೆಲ್ಲ ಪೆಟ್ಟಿಗೆ ಕಾರ್ಖಾನೆ, ಭಾನುವಾರ ಹಾಯಿದೋಣಿಯ ರೇಸು. ಮೂವತ್ತೊಂದು ವರ್ಷದಲ್ಲಿ ಒಂಬತ್ತು ಸಲ ಎರಡನೆಯವರಾಗಿ ಬಂದಿದ್ದರು. ಕ್ಲಬ್ಬಿನ ಕಪ್ ಒಮ್ಮೆಯೂ ಕೈಗೆ ಸಿಕ್ಕಿರಲಿಲ್ಲ. ದೋಣಿಗೆ ಇಬ್ಬರು ಬೇಕು. ಹನ್ನೆರಡನೆಯ ವಯಸ್ಸಿನಿಂದ ಮದುವೆಯವರೆಗೂ ಮುಂದೆ ಕೂರುತ್ತಿದ್ದವಳು ನಾನು. ಚುಕ್ಕಾಣಿ ಅವರದು, ಸ್ಟಾಪ್‌ವಾಚ್ ನನ್ನದು.

ಈ ವರ್ಷ ಅವರ ಮಂಡಿಯ ಆಪರೇಷನ್ನಿಗೆ ದಿನ ಗೊತ್ತಾಯಿತು. ಆಮೇಲೆ ದೋಣಿಯ ಮಾತೇ ಎತ್ತಬೇಡಿ ಎಂದರು ಡಾಕ್ಟರು. ಉಳಿದದ್ದು ಒಂದೇ ರೇಸು. ಅಪ್ಪ ನನ್ನನ್ನು ಕರೆಯಲಿಲ್ಲ. ನಮ್ಮ ಬಾಲ್ಕನಿಯ ಹಗ್ಗಕ್ಕೊಂದು ಕೆಂಪು ಎಳೆ ಕಟ್ಟಿ, “ಗಾಳಿ ನೋಡ್ಕೊಂಡು ಮಗು ಬಟ್ಟೆ ಹಾಕು, ಬೇಗ ಒಣಗತ್ತೆ,” ಎಂದು ಹೊರಟುಹೋದರು.

ಮಗುವಿಗೆ ಎಂಟು ತಿಂಗಳು. ಬಕೆಟ್ಟಿನಲ್ಲಿ ನೀರು ಕಂಡರೂ ಮಗು ಬಿದ್ದೀತೆಂದು ಚೆಲ್ಲಿಬಿಡುತ್ತಿದ್ದೆ. ಆದರೂ ಮೂರು ದಿನ ಆ ಎಳೆಯನ್ನು ನೋಡೀ ನೋಡೀ ಫೋನ್ ಮಾಡಿದೆ. “ಬರ್ತೀನಪ್ಪ. ಆದ್ರೆ ಅಮ್ಮ ಮಗು ಎತ್ಕೊಂಡು ದಡದಲ್ಲಿ ನನ್ನ ಕಣ್ಣಿಗೆ ಕಾಣೋ ಹಾಗೆ ನಿಂತಿರ್ಬೇಕು.”

ರೇಸು ಶುರುವಾಗುವಾಗ ಹಾರ್ನ್ ಆದ ಕ್ಷಣಕ್ಕೆ ಸರಿಯಾಗಿ ಗೆರೆ ದಾಟಬೇಕು. ಮುಂಚೆ ದಾಟಿದವರು ತಿರುಗಿ ಬಂದು ಮತ್ತೆ ಹೊರಡಬೇಕು. ಅಪ್ಪ ಎಂದೂ ಗಡಿಯಾರ ನೋಡಿದವರಲ್ಲ, ಉಳಿದ ಸೆಕೆಂಡು ಕೂಗುವ ನನ್ನ ದನಿಯನ್ನೇ ನಂಬುತ್ತಿದ್ದರು. “ಇಪ್ಪತ್ತು... ಹದಿನೈದು...” ಅಷ್ಟರಲ್ಲಿ ದಡದಲ್ಲಿ ಅಮ್ಮ ಮಗುವಿನ ಟೋಪಿ ತೆಗೆದಳು. ಅಯ್ಯೋ, ಬಿಸಿಲು! ಗಡಿಯಾರದಿಂದ ಕಣ್ಣು ತಪ್ಪಿತು. ಹತ್ತು ಅನ್ನಬೇಕಾದಲ್ಲಿ ಐದು ಅಂದುಬಿಟ್ಟೆ. ಅಪ್ಪ ಹಾಯಿ ಬಿಗಿದರು, ದೋಣಿ ವಾಲಿಕೊಂಡು ಮುನ್ನುಗ್ಗಿ ಗೆರೆ ದಾಟಿತು. ಐದು ಸೆಕೆಂಡು ಕಳೆದು ಹಾರ್ನ್ ಕೂಗಿತು. ಹಿಂದೆಯೇ ಇನ್ನೊಂದು, ನಮ್ಮ ತಪ್ಪಿಗೆ.

ತಿರುಗಿ ಬರುವಷ್ಟರಲ್ಲಿ ಉಳಿದವರೆಲ್ಲ ದೂರ ಹೋಗಿದ್ದರು.

“ಕಣ್ಣೆಲ್ಲಿತ್ತೇ?”

“ಟೋಪಿ... ಅಪ್ಪಾ, ಅಮ್ಮ ಟೋಪಿ ತೆಗೆದ್ಲು.”

ಅವರು ಕೆಮ್ಮು ಬರುವಷ್ಟು ನಕ್ಕರು. “ಮೂವತ್ತೊಂದು ವರ್ಷ ಗಾಳಿನೇ ನೋಡ್ದೆ, ಟೋಪಿ ಲೆಕ್ಕಕ್ಕೇ ತಗೊಂಡಿರ್ಲಿಲ್ಲ ನೋಡು!”

ಕೊನೆಯ ಗೆರೆ ನಾಲ್ಕು ಮಾರು ದೂರವಿದ್ದಾಗ ಅಪ್ಪ ಹಾಯಿ ಸಡಿಲ ಬಿಟ್ಟರು. ದೋಣಿ ತೇಲುತ್ತಾ ನಿಂತಂತಾಯಿತು.

“ಯಾಕಪ್ಪ?”

“ಹಿಂದೆ ಯಾರೂ ಇಲ್ವಲ್ಲ. ಏನವಸರ?”

ಈಗ ಭಾನುವಾರ ಬೆಳಿಗ್ಗೆ ಅವರ ಫೋನ್ ಬರುತ್ತದೆ. “ಎಳೆ ಯಾವ ಕಡೆಗಿದೆ?” ಒದ್ದೆ ಬಟ್ಟೆ ಹೆಗಲಿಗೆ ಹಾಕಿಕೊಂಡು ನೋಡಿ ಹೇಳುತ್ತೇನೆ. “ಒಳ್ಳೇ ಗಾಳಿ,” ಎನ್ನುತ್ತಾರೆ. ಫೋನ್ ಇಡುವುದಿಲ್ಲ. ನಾನೂ ಇಡುವುದಿಲ್ಲ.