ಕೇಬಲ್ ಅತ್ತಿಗೆ ಮತ್ತು ಅಧ್ಯಕ್ಷರ ಮರ

ಊರಿಗೆಲ್ಲ ಆಕೆ ಕೇಬಲ್ ಅತ್ತಿಗೆ. ಮನೆಮನೆಗೆ ಟಿವಿ ಕೇಬಲ್ ಎಳೆಯುತ್ತಿದ್ದ ಗಂಡ ತೀರಿಕೊಂಡ ಮೇಲೆ ಅವನ ಏಣಿಯನ್ನು ಯಾರಿಗೂ ಬಿಟ್ಟುಕೊಡದೆ ತಾನೇ ಹತ್ತಿದಳು. ಹೆಂಗಸು ಕಂಬ ಹತ್ತುವುದೇ ಎಂದು ಮೂಗು ಮುರಿದವರ ಮನೆಗೇ ಮೊದಲು ಹೋಗಿ ಟಿವಿ ಸರಿಮಾಡಿಕೊಟ್ಟಳು. ಅಂಥ ಗಟ್ಟಿಗಿತ್ತಿ.

ಇಂಟರ್ನೆಟ್ ಕೊಡುವ ದೊಡ್ಡ ಕಂಪನಿಗಳು ಈ ಊರಿನತ್ತ ತಿರುಗಿಯೂ ನೋಡಲಿಲ್ಲ. ಹಾಗಾದರೆ ನಾನೇ ತರುತ್ತೇನೆ ಎಂದು ಹಟ ಹಿಡಿದಳು. ಗುಜರಿಗೆ ಹೊರಟಿದ್ದ ಟಿವಿ ಡಿಶ್ಶುಗಳಿಗೆ ಅಗ್ಗದ ವೈಫೈ ಪೆಟ್ಟಿಗೆಗಳನ್ನು ಕಟ್ಟಿ, ಒಂದನ್ನು ಕಣಿವೆಯಾಚೆಯ ಪೇಟೆಯಲ್ಲಿ ತಮ್ಮನ ಅಂಗಡಿ ಮೇಲೆ ನಿಲ್ಲಿಸಿದಳು, ಇನ್ನೊಂದನ್ನು ಊರಿನ ನೀರಿನ ಟ್ಯಾಂಕಿನ ಮೇಲೆ. ಎರಡೂ ಮುಖಾಮುಖಿಯಾದರೆ ಸಾಕು, ನಡುವೆ ತಂತಿ ಬೇಡ. ಮೇಲ್ಬೀದಿಗೂ ಕೆಳಬೀದಿಗೂ ಇಂಟರ್ನೆಟ್ ಬಂತು. ಕೆಳಬೀದಿಯಲ್ಲಿ ಕಲ್ಲು ಒಡೆಯುವವನೊಬ್ಬ ಎದೆ ಕೆಟ್ಟು ಹಾಸಿಗೆ ಹಿಡಿದಿದ್ದ. ಅವನ ಹೆಂಡತಿ ಫೋನಿನಲ್ಲೇ ಅವನನ್ನು ಪೇಟೆಯ ಡಾಕ್ಟರಿಗೆ ತೋರಿಸತೊಡಗಿದಳು.

ಕೆಲವು ತಿಂಗಳಲ್ಲೇ ಸಿಗ್ನಲ್ ಸೊರಗಿ, ಒಂದು ದಿನ ಪೂರ್ತಿ ಸತ್ತುಹೋಯಿತು. ಅತ್ತಿಗೆ ಟ್ಯಾಂಕ್ ಹತ್ತಿ ನೋಡಿದರೆ ಎದುರಿಗೆ ಪಂಚಾಯ್ತಿ ಅಧ್ಯಕ್ಷರ ಹಿತ್ತಲಿನ ಮರ ಮೈತುಂಬ ಚಿಗುರಿ ನಿಂತಿದೆ. ಡಿಶ್ ಕೂರಿಸಿದಾಗ ಅದು ಬೋಳಾಗಿತ್ತು; ಕೊಂಬೆಗಳ ಸಂದಿಯಲ್ಲಿ ಪೇಟೆ ಕಾಣುತ್ತಿತ್ತು. ಹಸಿ ಎಲೆ ಸಿಗ್ನಲ್ಲನ್ನು ನುಂಗಿಬಿಡುತ್ತದೆ. ಅಷ್ಟು ಯೋಚಿಸಲಿಲ್ಲವಲ್ಲ ಎಂದು ತನ್ನ ತಲೆಗೆ ತಾನೇ ಮೊಟಕಿಕೊಂಡಳು.

ಒಂದೆರಡು ಕೊಂಬೆ ಕಡಿಸಿ ಎಂದು ಅಧ್ಯಕ್ಷರನ್ನು ಕೇಳಿದಳು.

"ಕಡಿಸೋಣ ಬಿಡಮ್ಮ," ಎಂದರು ಅವರು. "ಆದ್ರೆ ಕೆಳಬೀದಿ ಕನೆಕ್ಷನ್ ತೆಗಿ. ಯಾವತ್ತೂ ನನಗೆ ಓಟು ಹಾಕಿದೋರಲ್ಲ. ಅವರಿಗೂ ನಮಗೂ ಒಂದೇ ಇಂಟರ್ನೆಟ್ಟಾ?"

ಅತ್ತಿಗೆಗೆ ಮೈಯೆಲ್ಲ ಉರಿದುಹೋಯಿತು. "ನಿಮ್ಮ ಮರ ನೀವೇ ಇಟ್ಕೊಳ್ಳಿ ಸಾರ್, ನೆರಳು ಚೆನ್ನಾಗಿದೆ," ಎಂದು ಎದ್ದುಬಂದಳು.

ಮೇಲ್ಬೀದಿಯವರು ಬುದ್ಧಿ ಹೇಳಲು ಮನೆಗೇ ಬಂದರು. ಒಂದು ಬೀದಿ ಬಿಟ್ಟರೆ ನಿನ್ನ ಗಂಟೇನು ಹೋಗುತ್ತದೆ ಎಂದರು. ಅವರು ಹೋದ ಮೇಲೆ ಅತ್ತೆ ಕೇಳಿದಳು, "ಏನೇ, ಹೋಗಿ ಅವನ ಕಾಲಿಗೆ ಬೀಳ್ತೀಯಾ?"

"ಇಲ್ಲ ಅತ್ತೆ."

"ಹಾಗಾದ್ರೆ ಊಟ ಮಾಡು. ಹಸ್ಕೊಂಡು ಜಗಳ ಆಡೋಕಾಗಲ್ಲ."

ಊಟ ಮಾಡಿ ಕೆಳಬೀದಿಗೆ ಹೋದಳು. ಕಲ್ಲು ಒಡೆಯುವವನ ಕೆಮ್ಮು ಬೀದಿಗೇ ಕೇಳುತ್ತಿತ್ತು. ಮರದ ವಿಷಯ ಹೇಳುವಾಗ ಅತ್ತಿಗೆಗೆ ಅವನ ಹೆಂಡತಿಯ ಮುಖ ನೋಡಲಾಗಲಿಲ್ಲ. ಆದರೆ ಅವಳು ಕೇಳಿದ್ದೇ ಬೇರೆ: "ಅಕ್ಕ, ಪೇಟೆ ಕಂಡ್ರೆ ಸಾಕಲ್ವಾ? ನಮ್ಮ ಸೂರು ಹತ್ತಿದ್ರೆ ಕಾಣುತ್ತಲ್ಲ."

ಅತ್ತಿಗೆ ಏಣಿ ಹಾಕಿ ಹತ್ತಿದಳು. ಊರಂಚಿನ ಆ ಸೂರಿನಿಂದ ಮರ ಒಂದು ಪಕ್ಕಕ್ಕೆ ಸರಿದು, ಪೇಟೆ ಅಂಗೈಯಲ್ಲಿಟ್ಟ ಹಾಗೆ ಕಾಣುತ್ತಿತ್ತು; ಇತ್ತ ತಿರುಗಿದರೆ ಟ್ಯಾಂಕೂ. ಕೇಬಲ್ಲಿನವರ ಚಾಳಿಯೇ ಅದು, ಏನಿದ್ದರೂ ಎತ್ತರದಿಂದ ಕೆಳಕ್ಕೆ ಇಳಿಸುವುದು. ಕೆಳಗಿನಿಂದ ಶುರುಮಾಡಬಹುದು ಎಂದು ಅವಳಿಗೆ ಹೊಳೆದೇ ಇರಲಿಲ್ಲ.

ಪೇಟೆಯಿಂದ ಬರುವ ಸಿಗ್ನಲ್ ಹಿಡಿಯಲು ಆ ಸೂರಿನ ಮೇಲೊಂದು ಡಿಶ್ ನಿಂತಿತು. ಅಲ್ಲಿಂದ ಟ್ಯಾಂಕಿಗೆ ಕಳಿಸಲು ಇನ್ನೊಂದು. ಕಲ್ಲು ಒಡೆಯುವವನು ಅಂದೇ ಡಾಕ್ಟರ ಜೊತೆ ಮಾತಾಡಿದ. ಆಮೇಲೆ ಮೇಲ್ಬೀದಿಗೂ ಇಂಟರ್ನೆಟ್ ಬಂತು.

ಸುದ್ದಿ ತಿಳಿದು ಅಧ್ಯಕ್ಷರು ಟ್ಯಾಂಕಿನ ಬಳಿಗೇ ಬಂದರು. "ಏನಮ್ಮ, ಮರ ಹಾಗೇ ಇದೆ. ನಮ್ಮನೆಗೆ ಎಲ್ಲಿಂದ ಬಂತು ಇದು?"

"ಕೆಳಬೀದಿಯಿಂದ ಸಾರ್," ಎಂದಳು ಅತ್ತಿಗೆ, ಏಣಿಯ ಮೇಲಿಂದಲೇ. "ಅವರ ಕನೆಕ್ಷನ್ ತೆಗಿ ಅಂದಿದ್ರಿ. ಈಗ ತೆಗೀಲಾ?"